ಯಾವುದರ ಶೇಕಡಾ?

ದಶಕಗಳ ಕಾಲ ಸರ್ಕಾರಿ ಕಡತಗಳಲ್ಲಿ ಅಂಕಿಅಂಶಗಳನ್ನು ಪರಿಶೀಲಿಸಿದ ನನಗೆ, ಪ್ರಾಥಮಿಕ ಶಾಲೆಯ ಶೇಕಡಾ ಲೆಕ್ಕ ಪೌರಶಿಕ್ಷಣದ ಪಾಠವೆಂದೇ ಅನ್ನಿಸಿದೆ. 500 ರೂಪಾಯಿಯ ಚೀಲದ ಬೆಲೆಯನ್ನು ಶೇ 20ರಷ್ಟು ಏರಿಸಿ, ಬಳಿಕ ಶೇ 20ರಷ್ಟು ಇಳಿಸಿದರೆ ಮೊದಲಿನ ಬೆಲೆ ಮರಳದು. ಏರಿಕೆ 500ರ ಮೇಲೆ, ಇಳಿಕೆ 600ರ ಮೇಲೆ, ಉಳಿಯುವುದು 480.

2025ರ ಸೆಪ್ಟೆಂಬರ್‌ನಲ್ಲಿ ಸಿಮೆಂಟಿನ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿಯಿತು. ಹಾಗೆಂದು ಬೆಲೆ ಶೇ 10ರಷ್ಟು ಇಳಿಯಬೇಕೆನ್ನುವುದು ಸರಿಯಲ್ಲ. ತೆರಿಗೆರಹಿತ ಬೆಲೆ 100 ಆಗಿದ್ದರೆ, 128 ರೂಪಾಯಿ 118 ಆಗುತ್ತದೆ. ಇಳಿಕೆ ಶೇ 8ಕ್ಕೂ ಕಡಿಮೆ.

ಆದ್ದರಿಂದ ಶಿಕ್ಷಕರು ಸೂತ್ರವನ್ನು ಬಾಯಿಪಾಠ ಮಾಡಿಸುವ ಮೊದಲು, ಪ್ರತಿ ಹಂತದಲ್ಲೂ ‘ಯಾವುದರ ಶೇಕಡಾ?’ ಎಂದು ಕೇಳಿ ಮೂಲಮೊತ್ತವನ್ನು ಬರೆಯಿಸಲಿ. ಈ ಪ್ರಶ್ನೆ ಕೇಳಲರಿಯದವರು ಅಂಗಡಿಯ ರಿಯಾಯಿತಿಗೂ ಆಯವ್ಯಯದ ಘೋಷಣೆಗೂ ಸುಲಭವಾಗಿ ಮರುಳಾಗುತ್ತಾರೆ.