ದೀಪ ಉರಿಯುತ್ತದೆ, ಗಾಡಿ ಹೊರಡುವುದಿಲ್ಲ! ಏಕೆ?

2023ರ ಜುಲೈ ತಿಂಗಳು. ಟೊಮೆಟೊ ಬೆಲೆ ಕಿಲೋಗೆ ನೂರು ರೂಪಾಯಿ ದಾಟಿ, ಎಲ್ಲರ ಮನೆಯ ಸಾರಿಗೂ ಹುಣಸೆಹಣ್ಣೇ ಗತಿಯಾಗಿದ್ದ ದಿನಗಳು. ಅಂಥ ಒಂದು ನಸುಕಿನಲ್ಲಿ ಕೋಲಾರದ ಮಾರುಕಟ್ಟೆಗೆ ಹೊರಡಬೇಕಿದ್ದ ನಮ್ಮೂರಿನ ಹಳೆಯ ಪಿಕಪ್ ಗಾಡಿ, ಮೈತುಂಬ ಟೊಮೆಟೊ ಕ್ರೇಟು ಹೊತ್ತು ನಿಂತಲ್ಲೇ ನಿಂತುಬಿಟ್ಟಿತು. ಕೀ ತಿರುಗಿಸಿದರೆ ‘ಟಕ್, ಟಕ್’ ಎಂಬ ಸದ್ದು ಮಾತ್ರ!

ಮುಂದಿನ ದೀಪಗಳು ಚೆನ್ನಾಗಿಯೇ ಉರಿಯುತ್ತಿದ್ದವು. ಹಾರ್ನ್ ಜೋರಾಗಿಯೇ ಕೂಗುತ್ತಿತ್ತು. ಆದರೆ ಕೀ ತಿರುಗಿಸಿದ ಕೂಡಲೇ ದೀಪಗಳು ಮಂಕಾಗುತ್ತಿದ್ದವು. “ಬ್ಯಾಟರಿ ಹೋಯ್ತು ಬಿಡಣ್ಣ” ಎಂದರು ಸುತ್ತ ನಿಂತವರು. ಆರು ಜನ ಸೇರಿ ತಳ್ಳಿದ ಮೇಲೆ ಗಾಡಿ ಹೊರಟಿತು. (ಗಾಡಿಯನ್ನು ಗೇರಿನಲ್ಲಿಟ್ಟು ತಳ್ಳಿದರೆ ಚಕ್ರಗಳೇ ಎಂಜಿನ್ನನ್ನು ತಿರುಗಿಸುತ್ತವೆ. ಆಗ ಸ್ಟಾರ್ಟರಿನ ಹಂಗಿಲ್ಲ.) ಮರುದಿನವೇ ಸಾವಿರಾರು ರೂಪಾಯಿ ಕೊಟ್ಟು ಹೊಸ ಬ್ಯಾಟರಿ ಹಾಕಿಸಿದ್ದಾಯಿತು. ಅದರ ಮರುದಿನ ಬೆಳಿಗ್ಗೆ ನೋಡಿದರೆ ಮತ್ತೆ ಅದೇ ‘ಟಕ್, ಟಕ್’.

ಹಾಗಾದರೆ ದೋಷ ಎಲ್ಲಿತ್ತು?

ನಿಂತಿರುವ ಎಂಜಿನ್ ತಾನಾಗಿಯೇ ಓಡಲಾರದು. ಯಾರಾದರೂ ಅದನ್ನು ಮೊದಲು ಕೆಲವು ಸುತ್ತು ತಿರುಗಿಸಬೇಕು. ಹಿಂದೆ ಗಾಡಿಯ ಮೂತಿಗೆ ಕಬ್ಬಿಣದ ಹ್ಯಾಂಡಲ್ ಸಿಕ್ಕಿಸಿ ಕೈಯಿಂದಲೇ ತಿರುಗಿಸುತ್ತಿದ್ದರು. ಹ್ಯಾಂಡಲ್ ಹಿಂದಕ್ಕೆ ಹೊಡೆದು ಮುಂಗೈ ಮುರಿದುಕೊಂಡವರಿಗೆ ಲೆಕ್ಕವಿಲ್ಲ. 1911ರಲ್ಲಿ ಅಮೆರಿಕದ ಚಾರ್ಲ್ಸ್ ಕೆಟರಿಂಗ್ ಈ ಕೆಲಸಕ್ಕೆ ವಿದ್ಯುತ್ ಮೋಟಾರನ್ನು ಅಳವಡಿಸಿದರು. ಮರುವರ್ಷ ಅದು ಕ್ಯಾಡಿಲಾಕ್ ಕಾರುಗಳಲ್ಲಿ ಬಂದಿತು. ಇದೇ ಸ್ಟಾರ್ಟರ್ ಮೋಟಾರು. ಕೆಲಸ ಕೆಲವೇ ಸೆಕೆಂಡುಗಳದ್ದು, ಆದರೆ ಬಹಳ ಭಾರದ್ದು. ಅದಕ್ಕೆ ಎಷ್ಟು ವಿದ್ಯುತ್ ಪ್ರವಾಹ ಬೇಕು ಗೊತ್ತೇ? ಪಿಕಪ್ಪಿನಂಥ ಗಾಡಿಗೆ ಸುಮಾರು 150ರಿಂದ 300 ಆಂಪಿಯರ್! ನಿಮ್ಮ ಮನೆಯ 100 ವ್ಯಾಟಿನ ಬಲ್ಬು ಬಳಸುವುದು ಅರ್ಧ ಆಂಪಿಯರಿಗಿಂತಲೂ ಕಡಿಮೆ.

ಇಷ್ಟೊಂದು ಪ್ರವಾಹವನ್ನು ಬ್ಯಾಟರಿಯಿಂದ ಮೋಟಾರಿಗೆ ಒಯ್ಯಲು ಹೆಬ್ಬೆರಳಿನಷ್ಟು ದಪ್ಪದ ಕೇಬಲ್ ಇರುತ್ತದೆ. ಅದರೊಳಗೆ ತಾಮ್ರದ ನೂರಾರು ಸಣ್ಣ ಎಳೆಗಳು. 35 ಚದರ ಮಿಲಿಮೀಟರ್ ಅಡ್ಡಕೊಯ್ತದ ಒಂದು ಮೀಟರ್ ತಾಮ್ರದ ರೋಧ 0.0005 ಓಮ್ ಮಾತ್ರ. ಇಲ್ಲಿ ನಮಗೆ ಬೇಕಾದ ಸೂತ್ರ ಒಂದೇ. ಅದನ್ನು 1827ರಲ್ಲಿ ಪ್ರಕಟಿಸಿದವರು ಜರ್ಮನಿಯಲ್ಲಿ ಶಾಲಾ ಮೇಷ್ಟ್ರಾಗಿದ್ದ ಜಾರ್ಜ್ ಸೈಮನ್ ಓಮ್:

ವೋಲ್ಟ್ = ಆಂಪಿಯರ್ × ಓಮ್

ಒಳ್ಳೆಯ ಕೇಬಲ್ಲಿನಲ್ಲಿ 200 ಆಂಪಿಯರ್ ಹರಿದರೆ ದಾರಿಯಲ್ಲಿ ಸೋರಿಹೋಗುವುದು 200 × 0.0005 = 0.1 ವೋಲ್ಟ್. ಬ್ಯಾಟರಿಯ 12 ವೋಲ್ಟಿನಲ್ಲಿ ಇದು ಲೆಕ್ಕಕ್ಕಿಲ್ಲ.

ಈಗ ಕೇಬಲ್ಲಿನ ಒಂದು ತುದಿ ಕೆಟ್ಟು, ರೋಧ 0.05 ಓಮಿಗೆ ಏರಿತು ಎಂದುಕೊಳ್ಳಿ. ಅದೂ ತೀರಾ ಚಿಕ್ಕ ಸಂಖ್ಯೆಯೇ ಅಲ್ಲವೇ? ದೀಪಗಳನ್ನು ಕೇಳಿ ನೋಡೋಣ. ನಮ್ಮ ಗಾಡಿಯಲ್ಲಿ ದೀಪದ ತಂತಿ ಸ್ಟಾರ್ಟರಿನ ಬೋಲ್ಟಿನಿಂದಲೇ ಹೊರಡುತ್ತಿತ್ತು. ಅಂದರೆ ಎರಡಕ್ಕೂ ಅದೇ ಕೇಬಲ್. ಎರಡು ದೀಪಕ್ಕೆ ಬೇಕಾದದ್ದು ಸುಮಾರು 10 ಆಂಪಿಯರ್. 10 × 0.05 = 0.5 ವೋಲ್ಟ್ ಕಡಿಮೆಯಾಯಿತು, ಕಣ್ಣಿಗೆ ತಿಳಿಯುವುದೇ ಇಲ್ಲ. ಇನ್ನು ಸ್ಟಾರ್ಟರ್. ಅದು 100 ಆಂಪಿಯರ್ ಎಳೆದುಕೊಂಡರೂ ಸಾಕು, 100 × 0.05 = 5 ವೋಲ್ಟ್ ದಾರಿಯಲ್ಲೇ ಮಾಯ! ಉಳಿದದ್ದರಿಂದ ಎಂಜಿನ್ ತಿರುಗದು. ಅದೇ ಬೋಲ್ಟಿನಿಂದ ಹೊರಡುವ ದೀಪಗಳಿಗೂ ಆ ಕ್ಷಣ ಬರಗಾಲ. ಸ್ಟಾರ್ಟರಿನ ಸ್ವಿಚ್ಚನ್ನು ಎಳೆದು ಹಿಡಿಯುವ ವಿದ್ಯುತ್ಕಾಂತವೂ ಸೋತು ಕೈಬಿಡುತ್ತದೆ, ವೋಲ್ಟೇಜ್ ಏರಿದಾಗ ಮತ್ತೆ ಹಿಡಿಯುತ್ತದೆ. ‘ಟಕ್, ಟಕ್’ ಸದ್ದು ಅದರದ್ದೇ.

ಮಣ್ಣು ಕಟ್ಟಿಕೊಂಡ ನಲ್ಲಿಯ ಪೈಪನ್ನು ನೀವು ಕಂಡಿರಬಹುದು. ಲೋಟ ತೊಳೆಯಲು ಸಣ್ಣಗೆ ಬಿಟ್ಟರೆ ನೀರು ಸರಿಯಾಗಿ ಬರುತ್ತದೆ. ಬಿಂದಿಗೆ ತುಂಬಿಸಲು ಪೂರ್ತಿ ತಿರುಗಿಸಿದರೂ ಅಷ್ಟೇ ನೀರು! ತೊಟ್ಟಿ ತುಂಬಿದೆ, ದಾರಿ ಕಟ್ಟಿದೆ. ತೊಟ್ಟಿಯನ್ನೇ ಬದಲಿಸಿದರೆ ಪ್ರಯೋಜನವೇನು? ನಮ್ಮೂರಿನವರು ಮಾಡಿದ್ದು ಅದನ್ನೇ.

ಕೊನೆಗೆ ಬಂದ ವಯಸ್ಸಾದ ಮೆಕ್ಯಾನಿಕ್ ಮೊದಲು ಯಾವ ಉಪಕರಣವನ್ನೂ ತೆಗೆಯಲಿಲ್ಲ. ನಾಲ್ಕು ಬಾರಿ ಕೀ ತಿರುಗಿಸಲು ಹೇಳಿ, ಆಮೇಲೆ ಕೇಬಲ್ಲಿನ ತುದಿಯನ್ನು ಬೆರಳಿನಿಂದ ಮೆಲ್ಲಗೆ ಮುಟ್ಟಿ ನೋಡಿ, ಥಟ್ಟನೆ ಕೈ ಹಿಂದಕ್ಕೆಳೆದುಕೊಂಡರು. ಮಾಯವಾದ 5 ವೋಲ್ಟ್ ಹೋದದ್ದು ಅಲ್ಲಿಗೇ. 5 ವೋಲ್ಟ್ × 100 ಆಂಪಿಯರ್ = 500 ವ್ಯಾಟ್. ಹೆಚ್ಚುಕಡಿಮೆ ಒಂದು ಇಸ್ತ್ರಿ ಪೆಟ್ಟಿಗೆಯ ಶಾಖ, ಹೆಬ್ಬೆರಳಿನಷ್ಟು ಜಾಗದಲ್ಲಿ!

ಅನುಮಾನ ಉಳಿಯಬಾರದೆಂದು ಮೀಟರನ್ನೂ ಹಿಡಿದರು. ಇಷ್ಟು ಸಣ್ಣ ರೋಧವನ್ನು ಸಾಮಾನ್ಯ ಮಲ್ಟಿಮೀಟರ್ ನೇರವಾಗಿ ಸರಿಯಾಗಿ ಅಳೆಯಲಾರದು. ಆದ್ದರಿಂದ ಅವರ ಉಪಾಯವೇ ಬೇರೆ. ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಧನ ಕಂಬದ ಮೇಲೆ, ಇನ್ನೊಂದು ಸ್ಟಾರ್ಟರಿನ ಬೋಲ್ಟಿನ ಮೇಲೆ. ಕೀ ತಿರುಗಿಸಿದಾಗ ಅಲ್ಲಿ ಅರ್ಧ ವೋಲ್ಟಿಗಿಂತ ಹೆಚ್ಚು ಕಾಣಬಾರದು. ಕಂಡದ್ದು ಐದರ ಹತ್ತಿರ.

ಹಳೆಯ ಕೇಬಲ್ಲನ್ನು ಬಿಚ್ಚಿ, ಮೇಲಿನ ರಬ್ಬರನ್ನು ಸೀಳಿದಾಗ ಒಳಗೆ ಕೆಂಪು ತಾಮ್ರ ಕಾಣಲಿಲ್ಲ. ನೀಲಿ-ಹಸಿರು ಪುಡಿ! ಹಿತ್ತಾಳೆ, ತಾಮ್ರದ ಪಾತ್ರೆಗೆ ಹಿಡಿಯುವಂಥ ಕಿಲುಬು. ಬ್ಯಾಟರಿಯಲ್ಲಿ ಸಲ್ಫ್ಯೂರಿಕ್ ಆಮ್ಲ ಇರುತ್ತದೆ. ಚಾರ್ಜ್ ಆಗುವಾಗ ಏಳುವ ಅನಿಲದ ಗುಳ್ಳೆಗಳು ಆಮ್ಲದ ಅತಿ ಸಣ್ಣ ಹನಿಗಳನ್ನು ಹೊರಕ್ಕೆ ಒಯ್ಯುತ್ತವೆ. ಆ ಆಮ್ಲ, ಗಾಳಿಯ ಆಮ್ಲಜನಕ ಮತ್ತು ತೇವ ಮೂರೂ ಸೇರಿ ತಾಮ್ರವನ್ನು ತಾಮ್ರದ ಸಲ್ಫೇಟ್ ಆಗಿ ಮಾಡುತ್ತವೆ. ಹೆಸರು ಹೊಸದೆನಿಸಿತೇ? ಮಲೆನಾಡಿನ ಮಕ್ಕಳು ಇದನ್ನು ಬಲ್ಲರು. ಅಡಿಕೆಯ ಕೊಳೆರೋಗಕ್ಕೆ ಸುಣ್ಣದ ಜೊತೆ ಬೆರೆಸಿ ಸಿಂಪಡಿಸುವ ಮೈಲುತುತ್ತ ಇದೇ. ತೋಟಕ್ಕೆ ಔಷಧಿ, ಕೇಬಲ್ಲಿಗೆ ರೋಗ! ಎಳೆಗಳ ನಡುವಿನ ಸಂದಿಗಳಲ್ಲಿ ಆಮ್ಲದ ತೇವ ದೀಪದ ಬತ್ತಿಯಲ್ಲಿ ಎಣ್ಣೆ ಏರಿದಂತೆ ಏರುತ್ತದೆ. ಆದ್ದರಿಂದ ಹೊರಗೆ ರಬ್ಬರ್ ಚೆನ್ನಾಗಿದ್ದರೂ ಒಳಗೆ ಎಳೆಗಳು ಒಂದೊಂದಾಗಿ ಸವೆದುಹೋಗಿರುತ್ತವೆ. ತುದಿಯನ್ನು ಮಾತ್ರ ಉಜ್ಜಿದರೆ ಸಾಲದು, ಕೇಬಲ್ಲನ್ನೇ ಬದಲಿಸಬೇಕಾಗುವುದು ಇದಕ್ಕೇ.

ಬದಲಿಸುವಾಗ ಅವರು ಮೊದಲು ಬಿಚ್ಚಿದ್ದು ಧನ ತುದಿಯನ್ನಲ್ಲ, ಋಣ ತುದಿಯನ್ನು. ಏಕೆಂದರೆ ಬ್ಯಾಟರಿಯ ಋಣ ತುದಿ ಗಾಡಿಯ ಕಬ್ಬಿಣದ ಮೈಗೇ ಸೇರಿರುತ್ತದೆ. ಧನ ತುದಿ ಬಿಚ್ಚುವಾಗ ಸ್ಪ್ಯಾನರ್ ಆ ಮೈಗೆ ತಗುಲಿದರೆ ನೂರಾರು ಆಂಪಿಯರ್ ಸ್ಪ್ಯಾನರಿನ ಮೂಲಕವೇ ಹರಿದು ಕಿಡಿ ಹಾರುತ್ತದೆ. ಬ್ಯಾಟರಿಯ ಮೇಲೆ ಜಲಜನಕ ಅನಿಲ ಇದ್ದರೆ ಸ್ಫೋಟವೂ ಆಗಬಹುದು. ಋಣವನ್ನು ಮೊದಲೇ ಬಿಡಿಸಿದರೆ ಆ ದಾರಿ ಮುಚ್ಚುತ್ತದೆ. ಜೋಡಿಸುವಾಗ ಕ್ರಮ ತಿರುಗುಮುರುಗು, ಋಣ ಕೊನೆಗೆ. ಬ್ಯಾಟರಿ ಕಂಬಗಳಿಗೆ ಅಡುಗೆ ಸೋಡಾ ನೀರು ಹಾಕಿದಾಗ ಅವು ಬುಸ್ಸೆಂದು ನೊರೆಯೆದ್ದವು. ಆಮ್ಲ ಅಲ್ಲಿ ಇನ್ನೂ ಇತ್ತು ಎಂಬುದಕ್ಕೆ ಅದೇ ಸಾಕ್ಷಿ. ಕಂಬಗಳು ಹೊಳೆಯುವ ತನಕ ಉಜ್ಜಿ, ಅಷ್ಟೇ ದಪ್ಪದ ಹೊಸ ಕೇಬಲ್ ಬಿಗಿದು, ಮೇಲೆ ವ್ಯಾಸಲೀನ್ ಹಚ್ಚಿದರು. ಕೀ ತಿರುಗಿಸಿದ ಕೂಡಲೇ ಗಾಡಿ ಎದ್ದಿತು. ಈ ಕೆಲಸವನ್ನು ನೀವು ದೂರದಿಂದ ನೋಡಿ, ಮುಟ್ಟಬೇಡಿ. ಆಮ್ಲ ಕಣ್ಣಿಗೆ ಬಿದ್ದರೆ ಅಪಾಯ.

ನೀವು ಮಾಡಬಹುದಾದದ್ದು ಇದು. ಎರಡು ಟಾರ್ಚ್ ಸೆಲ್, ಒಳಗೆ ತಂತಿ ಇರುವ ಹಳೆಯ ಮಾದರಿಯ ಟಾರ್ಚ್ ಬಲ್ಬು, ಸ್ವಲ್ಪ ವೈರು, ಎರಡೂ ತುದಿ ಚೂಪು ಮಾಡಿದ ಪೆನ್ಸಿಲ್ ತೆಗೆದುಕೊಳ್ಳಿ. ಮೊದಲು ಬಲ್ಬನ್ನು ಸೆಲ್ಲುಗಳಿಗೆ ನೇರವಾಗಿ ಜೋಡಿಸಿ ನೋಡಿ. ಅನಂತರ ದಾರಿಯ ನಡುವೆ ಪೆನ್ಸಿಲ್ ಕಡ್ಡಿಯನ್ನು ಸೇರಿಸಿ. ಬಲ್ಬು ಎಷ್ಟು ಮಂಕಾಯಿತು? ಈಗ ಬಲ್ಬಿನ ಬದಲು ಒಂದು ಸಣ್ಣ ಬಿಳಿ ಎಲ್‌ಇಡಿ ಹಾಕಿ. ಅದರ ಉದ್ದನೆಯ ಕಾಲು ಸೆಲ್ಲಿನ ಧನ ತುದಿಯ ಕಡೆಗಿರಲಿ. ಪೆನ್ಸಿಲ್ ಇದ್ದಾಗ, ಇಲ್ಲದಿದ್ದಾಗ ಎರಡನ್ನೂ ಹೋಲಿಸಿ. ಇವೆರಡರಲ್ಲಿ ಯಾವುದು ಗಾಡಿಯ ಸ್ಟಾರ್ಟರಿನಂತೆ, ಯಾವುದು ದೀಪದಂತೆ? ನಿಮ್ಮ ಉತ್ತರವನ್ನು ಕಾರಣದೊಂದಿಗೆ ವಿಜ್ಞಾನದ ನೋಟ್‌ಬುಕ್ಕಿನಲ್ಲಿ ಬರೆದು ಶಿಕ್ಷಕರಿಗೆ ತೋರಿಸಿ.