ನಗೆಯೂ ವಯೋಧರ್ಮವೂ

ಭರತನ ನಾಟ್ಯಶಾಸ್ತ್ರವು ಹಾಸ್ಯರಸವನ್ನು ನಿರೂಪಿಸುವಾಗ ನಗೆಯನ್ನು ಆರು ಬಗೆಯಾಗಿ ವಿಂಗಡಿಸುತ್ತದೆ. ಸ್ಮಿತ, ಹಸಿತಗಳು ಉತ್ತಮ ಪಾತ್ರಗಳಿಗೆ. ವಿಹಸಿತ, ಉಪಹಸಿತಗಳು ಮಧ್ಯಮರಿಗೆ. ಅಪಹಸಿತ, ಅತಿಹಸಿತಗಳು ಅಧಮರಿಗೆ. ಹಲ್ಲು ಕಾಣಿಸದ ಮುಗುಳ್ನಗೆಯಿಂದ ಮೊದಲಾಗಿ ಪಕ್ಕೆ ಹಿಡಿದುಕೊಂಡು ನಗುವ ಅತಿಹಸಿತದವರೆಗಿನ ಈ ಸೋಪಾನವನ್ನು ಶಾಸ್ತ್ರಕಾರನು ಪಾತ್ರದ ಅಂತಸ್ತಿಗೆ ಹೊಂದಿಸಿದನೇ ಹೊರತು ವಯಸ್ಸಿಗಲ್ಲ. ಆದರೆ ಅಜ್ಜನಿಂದ ಮೊಮ್ಮಗುವಿನವರೆಗೆ ಎಲ್ಲರೂ ಇರುವ ಮನೆಯೊಂದನ್ನು ಕೆಲವು ದಿನ ಗಮನಿಸಿದವರಿಗೆ, ಒಬ್ಬನೇ ಮನುಷ್ಯನು ತನ್ನ ಆಯುಷ್ಯದಲ್ಲಿ ಈ ಆರೂ ಮೆಟ್ಟಿಲುಗಳನ್ನು ಹತ್ತಿ ಇಳಿಯುವನೆಂಬುದು ತಿಳಿಯದೆ ಇರದು. ಹೊಟ್ಟೆ ಹುಣ್ಣಾಗುವಂತೆ ನಗುವ ಕಾಲ ಒಂದು, ತುಟಿ ಮಾತ್ರ ಅರಳಿಸುವ ಕಾಲ ಒಂದು. ಇದು ಹೀಗೇಕೆ?

ಮೊದಲು ಒಂದು ತಪ್ಪು ಕಲ್ಪನೆಯನ್ನು ನಿವಾರಿಸಿಕೊಳ್ಳುವುದು ಒಳ್ಳೆಯದು. ಮಕ್ಕಳು ದಿನಕ್ಕೆ 300 ಅಥವಾ 400 ಬಾರಿ ನಗುತ್ತಾರೆ, ದೊಡ್ಡವರು ಕೇವಲ 15 ಬಾರಿ ಎಂಬ ಮಾತು ಬಹಳವಾಗಿ ಪ್ರಚಾರದಲ್ಲಿದೆ. ಕೆನಡಾದ ಮನಶ್ಶಾಸ್ತ್ರಜ್ಞರಾದ ರಾಡ್ ಮಾರ್ಟಿನ್ ಮತ್ತು ನಿಕೊಲಸ್ ಕೈಪರ್ ಎಂಬುವರು ವಯಸ್ಕರಿಂದಲೇ ದಿನಚರಿ ಬರೆಯಿಸಿ 1999ರಲ್ಲಿ ಪ್ರಕಟಿಸಿದ ಲೆಕ್ಕವು ದಿನಕ್ಕೆ ಸರಾಸರಿ 18ರ ಆಸುಪಾಸಿನಲ್ಲಿದೆ. ಆದರೆ ಮಕ್ಕಳಿಗೆ ಹೇಳುವ ಆ ದೊಡ್ಡ ಸಂಖ್ಯೆಯ ಹಿಂದೆ ಯಾವ ಎಣಿಕೆಯೂ ಇಲ್ಲ. ನಗೆಯ ವಯೋಧರ್ಮವು ಸಂಖ್ಯೆಯಿಂದ ತಿಳಿಯುವಂಥದಲ್ಲ. ಯಾವ ವಯಸ್ಸಿನಲ್ಲಿ ಯಾವುದಕ್ಕೆ ನಗೆ ಉಕ್ಕುತ್ತದೆ ಎಂಬುದನ್ನು ನೋಡಬೇಕು.

ಚಾರ್ಲ್ಸ್ ಡಾರ್ವಿನ್ನನು ತನ್ನ ಮೊದಲ ಮಗನ ಶೈಶವವನ್ನು ಕುರಿತು ಬರೆದಿಟ್ಟಿದ್ದ ಟಿಪ್ಪಣಿಗಳನ್ನು 1877ರಲ್ಲಿ ಪ್ರಕಟಿಸಿದನು. ಆ ಮಗು ಸಂತೋಷದಿಂದ ಮುಗುಳ್ನಕ್ಕದ್ದು 45ನೆಯ ದಿನ. 110ನೆಯ ದಿನ, ಅದರ ಮುಖದ ಮೇಲೆ ಬಟ್ಟೆ ಹಾಕಿ ತಟಕ್ಕನೆ ತೆಗೆದಾಗ ಅದಕ್ಕೆ ಬಹಳ ವಿನೋದವಾಯಿತು. ನಗೆಯ ಮೊದಲ ದನಿ ಆಗ ಹೊರಟಿತು. ತಾಯಿ ಸೆರಗಿನಲ್ಲಿ ಮುಖ ಮರೆಸಿ ಮತ್ತೆ ತೋರುವ ನಮ್ಮ ಮನೆಗಳ ಆಟವೂ ಇದೇ. 1972ರಲ್ಲಿ ಅಮೆರಿಕದ ಸ್ರೂಫ್ ಮತ್ತು ವುನ್ಶ್ ಎಂಬುವರು ಶಿಶುಗಳ ಮೊದಲ ವರ್ಷದ ನಗೆಯನ್ನು ಪರೀಕ್ಷಿಸಿದರು. ನಾಲ್ಕಾರು ತಿಂಗಳ ಮಗುವನ್ನು ನಗಿಸುವುದು ಸ್ಪರ್ಶ ಮತ್ತು ಶಬ್ದ, ಎಂದರೆ ಕಚಗುಳಿ, ವಿಚಿತ್ರ ದನಿ ಮುಂತಾದವು. ವರ್ಷ ತುಂಬುವ ವೇಳೆಗೆ ತಾಯಿಯೇ ಮಗುವಿನ ಹಾಲಿನ ಸೀಸೆಯನ್ನು ಬಾಯಿಗಿಟ್ಟುಕೊಳ್ಳುವಂಥ ವಿಪರೀತ ದೃಶ್ಯ. ಸೀಸೆ ಯಾರದೆಂದು ಮಗುವಿಗೆ ಆಗತಾನೆ ತಿಳಿದಿದೆ. ತಿಳಿದ ನಿಯಮ ತಪ್ಪಿದ್ದರಿಂದ ನಗೆ ಬಂದಿದೆ. ಆದರೆ ಅದೇ ಸಂಶೋಧಕರ ಮುಂದಿನ ಪರೀಕ್ಷೆಗಳಲ್ಲಿ, ತಾಯಿ ಮುಖವಾಡ ತೊಟ್ಟಾಗ ನಗುವ ಮಗು ಅಪರಿಚಿತರು ತೊಟ್ಟಾಗ ಅಳುವುದೂ ಕಂಡುಬಂದಿತು. ವೈಪರೀತ್ಯವೊಂದೇ ಸಾಲದು, ಅಭಯವೂ ಬೇಕು.

ಈ ಎರಡು ಅಂಶಗಳು ಮುಂದಿನ ವಯಸ್ಸುಗಳಿಗೂ ದಾರಿ ತೋರಿಸುತ್ತವೆ. ಏಳೆಂಟು ವರ್ಷದ ಮಕ್ಕಳು ಒಂದೇ ಹಾಸ್ಯವನ್ನು ಹತ್ತು ಸಲ ಹೇಳಿ ಹತ್ತು ಸಲವೂ ಬಿದ್ದು ಬಿದ್ದು ನಗುತ್ತಾರೆ. ವಸ್ತುವಿನ ಆಕಾರ ಬದಲಾದರೂ ಪರಿಮಾಣ ಬದಲಾಗದು ಎಂಬ ಅರಿವು ಸುಮಾರು ಈ ವಯಸ್ಸಿನಲ್ಲಿ ಮೂಡುವುದೆಂದು ಸ್ವಿಟ್ಜರ್ಲೆಂಡಿನ ಪಿಯಾಜೆ ತೋರಿಸಿದ್ದನು. ಇದನ್ನೇ ಆಧರಿಸಿ 1976ರಲ್ಲಿ ಪಾಲ್ ಮೆಕ್‌ಗೀ ಒಂದು ಪ್ರಯೋಗ ನಡೆಸಿದನು. ಅವನು ಬಳಸಿದಂಥ ಹಾಸ್ಯವನ್ನು ಕನ್ನಡದ ಅಡಿಗೆಮನೆಗೆ ತಂದರೆ ಹೀಗಾಗುತ್ತದೆ: ‘ಹೋಳಿಗೆಯನ್ನು ನಾಲ್ಕು ತುಂಡು ಮಾಡಲೇ, ಎಂಟು ಮಾಡಲೇ?’ ‘ನಾಲ್ಕೇ ಸಾಕಮ್ಮ, ಎಂಟು ತುಂಡು ತಿನ್ನುವಷ್ಟು ಹಸಿವಿಲ್ಲ.’ ಪರಿಮಾಣದ ಅರಿವು ಇನ್ನೂ ಬಾರದ ಮಕ್ಕಳಿಗೆ ಇದು ನ್ಯಾಯವಾದ ಉತ್ತರವಾಗಿಯೇ ತೋರುತ್ತದೆ. ಎಂದೋ ಬಂದಿರುವ ಹಿರಿಯರಿಗೆ ಸಪ್ಪೆ. ಆ ಅರಿವು ಹೊಸದಾಗಿ ಬಂದಿರುವವರಿಗೇ ಇಂಥ ಹಾಸ್ಯ ಹೆಚ್ಚು ರುಚಿಸಿತು. ಅಜ್ಞಾನ ಪೂರ್ತಿಯಾಗಿದ್ದಾಗಲೂ ನಗೆಯಿಲ್ಲ, ಜ್ಞಾನ ಹಳತಾದಾಗಲೂ ಇಲ್ಲ. ಒಂದು ನಿಯಮವನ್ನು ಈಗತಾನೆ ಗೆದ್ದುಕೊಂಡವನ ನಗೆಯೇ ಜೋರಿನದು.

ಭಾಷೆಯ ವಿಷಯವೂ ಹೀಗೆಯೇ. ‘ಕಾಲು ಕಿಲೋ ಸಕ್ಕರೆ ತಾ’ ಎಂದರೆ, ‘ಸಕ್ಕರೆಗೂ ಕಾಲಿದೆಯೇ?’ ಎಂದು ಮೂರು ವರ್ಷದ ಮಗು ನಿಜವಾಗಿಯೇ ಕೇಳೀತು. ಏಳು ವರ್ಷದ ಮಗು ಕೇಳಿ ತಾನೇ ನಕ್ಕೀತು. ತಂದೆ ಚೀಲವನ್ನು ಕೈಗೆ ಕೊಟ್ಟು ಸುಮ್ಮನಾದಾನು. ಒಂದು ಪದಕ್ಕೆ ಎರಡು ಅರ್ಥಗಳಿರಬಹುದೆಂಬ ಆವಿಷ್ಕಾರ ನಡೆಯುವ ವಯಸ್ಸಿದು. ಒಗಟುಗಳು ಈ ವಯಸ್ಸಿನವರಲ್ಲೇ ಹೆಚ್ಚು ಪ್ರಿಯವಾಗಿರುವುದು ಆಕಸ್ಮಿಕವಲ್ಲ.

ತಾರುಣ್ಯದ ಹೊಸ್ತಿಲಲ್ಲಿ ನಗೆಯ ಲಕ್ಷಣ ಬದಲಾಗುತ್ತದೆ. ಇಲ್ಲಿ ಕಾರಣಕ್ಕಿಂತ ಸಂಗಡಿಗರು ಮುಖ್ಯರು. ಅಮೆರಿಕದ ರಾಬರ್ಟ್ ಪ್ರೊವೈನ್ ಎಂಬ ವಿದ್ವಾಂಸನು ಅಂಗಡಿ ಬೀದಿಗಳಲ್ಲಿಯೂ ಕಾಲೇಜಿನ ಆವರಣದಲ್ಲಿಯೂ ಜನರು ನಕ್ಕ 1,200 ಪ್ರಸಂಗಗಳನ್ನು ದಾಖಲಿಸಿದಾಗ, ಹಾಸ್ಯವೆನ್ನಬಹುದಾದ ಮಾತಿನ ಬೆನ್ನಿಗೆ ಬಂದ ನಗೆ ಐದರಲ್ಲಿ ಒಂದು ಪಾಲೂ ಇರಲಿಲ್ಲ, ಉಳಿದದ್ದೆಲ್ಲ ‘ಬರಲೇ?’, ‘ಆಮೇಲೆ ನೋಡೋಣ’ ಎಂಬಂಥ ಮಾತುಗಳಿಗೆ. ಒಬ್ಬನೇ ಇರುವಾಗಿಗಿಂತ ಜೊತೆಯಲ್ಲಿರುವಾಗ ಮನುಷ್ಯನು ಸುಮಾರು 30 ಪಟ್ಟು ಹೆಚ್ಚು ನಗುತ್ತಾನೆಂಬುದೂ ಅವನ ನಿರ್ಣಯ. ಗುಂಪಿನಲ್ಲಿ ಒಬ್ಬನಾಗಬೇಕೆಂಬ ಹಂಬಲ ಅತ್ಯಂತ ತೀವ್ರವಾಗಿರುವುದು ಹದಿಹರೆಯದಲ್ಲಿ. ನಗಬಾರದ ಸ್ಥಳದಲ್ಲಿ, ಪಾಠದ ನಡುವೆಯೋ ದೇವರ ಮುಂದೆಯೋ, ಇಬ್ಬರ ಕಣ್ಣು ಕೂಡಿದೊಡನೆ ತಡೆಯಲಾರದ ನಗೆ ಹೊರಡುವುದೂ ಆಗಲೇ.

ಈ ಅಂಟುಗುಣದ ಕರಾಳ ಮುಖವೊಂದು 1962ರ ಜನವರಿ 30ರಂದು ಟಾಂಗನೀಕದಲ್ಲಿ ಕಂಡಿತು. ವಿಕ್ಟೋರಿಯಾ ಸರೋವರದ ಪಶ್ಚಿಮಕ್ಕೆ, ಕಶಾಶಾ ಎಂಬಲ್ಲಿನ ಬಾಲಿಕೆಯರ ವಸತಿಶಾಲೆಯಲ್ಲಿ ಮೂವರು ನಗಲಾರಂಭಿಸಿದರು. ಮಾರ್ಚ್ 18ರಂದು ಶಾಲೆಯನ್ನು ಮುಚ್ಚುವ ಹೊತ್ತಿಗೆ 159 ಮಂದಿಯಲ್ಲಿ 95 ಮಂದಿ ನಗುವಿನ ಮತ್ತು ಅಳುವಿನ ಆವೇಗಕ್ಕೆ ಸಿಕ್ಕಿದ್ದರು. ಅವರೆಲ್ಲರೂ 12ರಿಂದ 18 ವರ್ಷದವರು. ಅಧ್ಯಾಪಕರಲ್ಲಿ ಒಬ್ಬರಿಗೂ ತಗುಲಲಿಲ್ಲ. ಅದು ಸಂತೋಷದ ನಗೆಯಾಗಿರಲಿಲ್ಲ, ಒತ್ತಡದಿಂದ ಹುಟ್ಟಿದ ಸಾಮೂಹಿಕ ಮನೋವಿಕಾರವೆಂದು ಪಂಡಿತರು ನಿರ್ಣಯಿಸಿದ್ದಾರೆ. ಆದರೂ ಒಬ್ಬರ ದೇಹವು ಇನ್ನೊಬ್ಬರ ದೇಹಕ್ಕೆ ಉತ್ತರ ಕೊಡುವ ಶಕ್ತಿ ಆ ವಯಸ್ಸಿನಲ್ಲಿ ಎಷ್ಟು ಪ್ರಬಲವೆಂಬುದಕ್ಕೆ ಅದಕ್ಕಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ.

ನಡುವಯಸ್ಸಿನ ನಗೆ ತೆಳುವಾಗುವುದರ ಕಾರಣ ಈಗ ಊಹಿಸಬಹುದು. ಗೆಲ್ಲಬೇಕಾದ ನಿಯಮಗಳು ಬಹುಮಟ್ಟಿಗೆ ಮುಗಿದಿರುತ್ತವೆ. ತಪ್ಪಿದ ನಿಯಮ ವಿನೋದವಾಗುವುದರ ಬದಲು ನಷ್ಟವಾಗಿ ಕಾಣುತ್ತದೆ. ಸಂಗಡಿಗರು ಸಹೋದ್ಯೋಗಿಗಳಾಗುತ್ತಾರೆ, ಅಲ್ಲಿ ಅಭಯಕ್ಕಿಂತ ಲೆಕ್ಕಾಚಾರ ಹೆಚ್ಚು. ಮೇಲಧಿಕಾರಿಯ ಮಾತಿಗೆ ನಗುವವನಿಗೆ ಅದು ಶಿಷ್ಟಾಚಾರ, ಉಲ್ಲಾಸವಲ್ಲ.

ಹಾಗಾದರೆ ವೃದ್ಧಾಪ್ಯದಲ್ಲಿ ನಗೆ ಸಂಪೂರ್ಣವಾಗಿ ಬತ್ತಬೇಕಲ್ಲವೇ? ಪರೀಕ್ಷೆಗಳು ಬೇರೆಯನ್ನೇ ಹೇಳುತ್ತವೆ. 1976ರಲ್ಲಿ ಷಾಯರ್ ಮತ್ತು ಸಿಸಿರೆಲಿ ಎಂಬುವರು ಪರಿಮಾಣದ ಹಾಸ್ಯಗಳನ್ನೇ ವೃದ್ಧರ ಮುಂದಿಟ್ಟರು. ವಯಸ್ಸು ಏರಿದಂತೆ ಹಾಸ್ಯದ ಮರ್ಮವನ್ನು ಗ್ರಹಿಸುವುದು ಕಷ್ಟವಾಗುತ್ತಿತ್ತು, ಆದರೆ ಅದನ್ನು ಸವಿಯುವುದು ಹೆಚ್ಚುತ್ತಿತ್ತು. ನಿಯಮವು ಮತ್ತೆ ಸ್ವಲ್ಪ ಶ್ರಮದಿಂದ ದೊರೆಯುವಂತಾದಾಗ ಬಾಲ್ಯದ ರುಚಿಯೂ ಮರಳುತ್ತದೆಯೋ ಏನೋ. 2003ರಲ್ಲಿ ಶಮ್ಮಿ ಮತ್ತು ಸ್ಟಸ್ ನಡೆಸಿದ ಅಧ್ಯಯನದಲ್ಲಿಯೂ, ಹಾಸ್ಯಕ್ಕೆ ತಕ್ಕ ಮುಕ್ತಾಯವನ್ನು ಆರಿಸುವಲ್ಲಿ ವೃದ್ಧರು ಹಿಂದೆ ಬಿದ್ದರೂ ಹಾಸ್ಯಕ್ಕೆ ಅವರ ಮನಸ್ಸು ಸ್ಪಂದಿಸುವ ಬಗೆ ಕುಂದಿರಲಿಲ್ಲ. ಮುದುಕರು ನಗುವುದಿಲ್ಲವೆಂದು ಕಂಡರೆ ಅವರ ನಗೆಯ ಊಟೆ ಬತ್ತಿದೆಯೆಂದು ತಿಳಿಯಬೇಕಾಗಿಲ್ಲ. ಬಹುಮಟ್ಟಿಗೆ ಅವರು ಕಳೆದುಕೊಂಡಿರುವುದು ನಗೆಯನ್ನಲ್ಲ, ಕೂಡಿ ನಗುತ್ತಿದ್ದವರನ್ನು.

ಪರಸ್ಥಳಗಳಲ್ಲಿ ನೆಲೆಸಿದ ಕನ್ನಡ ಕುಟುಂಬಗಳಿಗೆ ಈ ವಿಚಾರ ಕೇವಲ ಪಾಂಡಿತ್ಯದ್ದಲ್ಲ. ಊರಿನ ಮನೆಗೆ ಬೀಗ ಹಾಕಿ ಮಗನ ಬಳಿಗೆ ಮುಂಬಯಿಗೋ ದೆಹಲಿಗೋ ಬಂದ ಹಿರಿಯರಿಗೆ ನೆರೆಹೊರೆಯ ನಗೆ ಬೇರೆ ಭಾಷೆಯದು. ಜಗಲಿಯ ಗೆಳೆಯರು ದೂರ. ಅದೇ ಮನೆಯ ಏಳು ವರ್ಷದ ಮಗುವಿಗೆ ಪದಗಳ ಆಟ ತೆರೆದುಕೊಳ್ಳುತ್ತಿರುವ ಕಾಲವದು. ಆ ಒಂದೆರಡು ವರ್ಷಗಳಲ್ಲಿ ಕನ್ನಡದ ಒಗಟು, ಶ್ಲೇಷೆಗಳು ಕಿವಿಗೆ ಬೀಳದೆ ಹೋದರೆ, ಭಾಷೆಯನ್ನು ಆಮೇಲೆ ಕಲಿತರೂ ಅದರಲ್ಲಿ ಹಾಗೆ ಬಿದ್ದು ನಗುವ ಅವಕಾಶ ಮತ್ತೆ ಸುಲಭವಾಗಿ ಬಾರದು. ಮುಂಬಯಿಯ ಮಗುವಿಗಂತೂ ಇಮ್ಮಡಿ ಭಾಗ್ಯವಿದೆ: ಅಂಗಡಿಯಲ್ಲಿ ‘ಪಾವ್ ಕಿಲೋ’ ಎಂದಾಗ ಅದಕ್ಕೆ ಬ್ರೆಡ್ಡು ನೆನಪಾಗುತ್ತದೆ, ಮನೆಯಲ್ಲಿ ‘ಕಾಲು ಕಿಲೋ’ ಎಂದಾಗ ನಡೆಯುವ ಕಾಲು. ನಡುವಯಸ್ಸಿನ ತಂದೆ ಇದನ್ನು ಕೇಳಿ ಗಡಿಯಾರ ನೋಡಿಕೊಳ್ಳಬಹುದು. ಅಜ್ಜನಿಗೆ ಅವಸರವಿಲ್ಲ. ಸಕ್ಕರೆಗೆ ಎಷ್ಟು ಕಾಲು ಎಂದು ಮಗು ಹತ್ತನೆಯ ಸಲ ಕೇಳಿದಾಗಲೂ ಅದರೊಡನೆ ನಗಲು ಆ ಮನೆಯಲ್ಲಿ ಸಿದ್ಧನಾಗಿರುವವನು ಅವನೊಬ್ಬನೇ. ಅವನಿಗೂ ಜೊತೆ ಬೇಕಾಗಿದೆ.