ಮತವೂ ಸ್ವತ್ತೂ

ಸ್ತ್ರೀಗೆ ಮತವಿತ್ತ ರಾಷ್ಟ್ರ ಸ್ವತ್ತಿನ ಸ್ವಾತಂತ್ರ್ಯವನ್ನೂ ಒಡನೆಯೇ ಇತ್ತಿರಬೇಕೆಂದು ತೋರುವುದು ಸಹಜ. ಚರಿತ್ರೆ ಹಾಗೆ ನಡೆದಿಲ್ಲ. ಇಂಗ್ಲೆಂಡಿನ ವಿವಾಹಿತೆಗೆ ತನ್ನ ಆಸ್ತಿಯ ಒಡೆತನ 1882ರ ಶಾಸನದಿಂದ ದೊರೆಯಿತು. ಪುರುಷನಿಗೆ ಸಮನಾದ ಮತಾಧಿಕಾರ ಸಿಕ್ಕಿದ್ದು 1928ರಲ್ಲಿ. ಫ್ರಾನ್ಸಿನಲ್ಲಿ ಇದು ತಿರುಗುಮುರುಗು: ಮತ 1944ರಲ್ಲಿಯೇ ಬಂದರೂ, ಗಂಡನ ಅನುಮತಿಯಿಲ್ಲದೆ ಹೆಂಡತಿ ಉದ್ಯೋಗ ಹಿಡಿಯಲು, ಬ್ಯಾಂಕಿನಲ್ಲಿ ತನ್ನದೇ ಖಾತೆ ತೆರೆಯಲು 1965ರ ಶಾಸನ ಬೇಕಾಯಿತು.

ನಮ್ಮ ಸಂವಿಧಾನವು 1950ರಲ್ಲಿಯೇ ಮತದಾನದಲ್ಲಿ ಸ್ತ್ರೀಪುರುಷರೆಂಬ ಭೇದವೆಣಿಸಲಿಲ್ಲ. ಆದರೆ ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತದಲ್ಲಿ ಮಗನಂತೆ ಹುಟ್ಟಿನಿಂದಲೇ ಪಾಲು ಕರ್ನಾಟಕದ ಅವಿವಾಹಿತ ಪುತ್ರಿಯರಿಗೆ 1994ರಲ್ಲಿ, ವಿವಾಹಿತೆಯರೂ ಸೇರಿ ದೇಶದ ಪುತ್ರಿಯರಿಗೆಲ್ಲ 2005ರಲ್ಲಿ ಲಭಿಸಿತು. ಇಷ್ಟಾಗಿಯೂ, ತವರಿನ ಬಾಗಿಲು ಮುಚ್ಚೀತೆಂದು ಅಂಜಿ ಹಕ್ಕುಬಿಡುಗಡೆ ಪತ್ರಕ್ಕೆ ರುಜು ಹಾಕಿಕೊಡುವ ಹೆಣ್ಣುಮಕ್ಕಳು ಇಂದಿಗೂ ಉಂಟು. ಶಾಸನ ಪಾಲನ್ನು ಕೊಟ್ಟೀತು. ಅದನ್ನು ಕೇಳಿದ ಮಗಳನ್ನು ಮೊದಲಿನಂತೆಯೇ ಆದರಿಸುವುದು ಮನೆಯವರ ಧರ್ಮ.